ಕರ್ಪೂರ ಆರಿಸಿದವಳು

ಶಿವರಂಜಿನಿಯ ಟ್ರಂಕನ್ನು ಅತ್ತೆ ರಾಚಮ್ಮನೇ ಎಳೆದು ತಂದು ಜಗಲಿಯ ಮೇಲೆ ಹಾಕಿದಳು. ಸೊಸೆಯ ತವರು ಕುದೇರಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಳ್ಳಿಯನ್ನು ಮನೆಯಿಂದ ಆಚೆ ಹಾಕಲು ಯಾರೂ ಬಸ್ಸಿನ ಹೊತ್ತು ನೋಡುವುದಿಲ್ಲ.

“ಓಗು ಕಣಮ್ಮಿ. ನಿನ್ನ ಬಾಯಿಗೊಂದು ದೊಡ್ಡ ನಮಸ್ಕಾರ.”

“ಓಗಾಕಿಲ್ಲ,” ಎಂದಳು ಶಿವರಂಜಿನಿ. “ನಾನು ಒಂದೂ ಸುಳ್ಳಾಡಿಲ್ಲ.”

ಜಗಲಿಯಲ್ಲಿ ಕುಳಿತಿದ್ದ ನೆಂಟರು ನಕ್ಕುಬಿಟ್ಟರು. ಸುಳ್ಳಿಯಾದವಳು ಮೊದಲು ಹೇಳುವ ಮಾತೇ ಅದು ತಾನೆ?

ಬೇಗೂರಿನಲ್ಲಿ ಅವಳ ಸುಳ್ಳು ಮನೆಮಾತಾಗಿತ್ತು. ಮದುವೆಯಾದ ವರ್ಷ ಅವಳು ತವರಿಗೆ ಹೋಗಿದ್ದಾಗ ಗಂಡ ಶಂಕರ ಸೈಕಲ್ ಶಾಪಿನ ಬಾಗಿಲು ಹಾಕಿ ಗೋಳೋ ಎಂದು ಅಳುತ್ತಾ ಮನೆಗೆ ಬಂದಿದ್ದ. ಪಕ್ಕದ ಅಂಗಡಿಗೆ ರಂಜಿನಿಯ ಫೋನು ಬಂದಿತ್ತು, ಮಾವ ಹೋಗಿಬಿಟ್ಟರಂತೆ ಎಂದ. ಮನೆಯವರೆಲ್ಲ ಮೆಟಡೋರ್ ಮಾಡಿಕೊಂಡು, ದೊಡ್ಡ ಹಾರ ಹಿಡಿದು ಕುದೇರಿಗೆ ಹೋದರು. ಹೋಗಿಬಿಟ್ಟಿದ್ದ ಮಾವ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕುಳಿತಿದ್ದ. ಹಾರ ನೋಡಿ, “ಯಾರು ಓಗ್ಬುಟ್ರು?” ಎಂದು ಗಾಬರಿಯಿಂದ ಕೇಳಿದ. ತಾನು ಫೋನೇ ಮಾಡಿಲ್ಲವೆಂದು ಮಗಳು ಬಡಕೊಂಡಳು. ಅಷ್ಟಾದರೂ ಶಂಕರ ದೊಡ್ಡ ಮನಸ್ಸು ಮಾಡಿ ಅದೇ ಮೆಟಡೋರಿನಲ್ಲಿ ಅವಳನ್ನು ಕರೆತಂದ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಊರು ಹೊಗಳಿತು.

ಯುಗಾದಿಗೆ ಮತ್ತೆ ತವರಿಗೆ ಹೊರಟು ನಿಂತವಳು ಗಂಡನ ಕಿವಿಯಲ್ಲಿ ಬಸುರಿ ಎಂದಳಂತೆ. ಪಾಪ, ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಶಂಕರ ಮೈಸೂರ್‌ಪಾಕ್ ಹಂಚಿದ. ಬಸುರಿಯನ್ನು ಆ ಕುಲುಕು ಬಸ್ಸಿನಲ್ಲಿ ಯಾರು ಕಳಿಸುತ್ತಾರೆ? ಪ್ರಯಾಣ ನಿಂತಿತು. ಹಬ್ಬ ಮುಗಿದ ಮೇಲೆ ನೋಡಿದರೆ ಬಸುರೂ ಇಲ್ಲ, ಮಣ್ಣೂ ಇಲ್ಲ. ರಾಚಮ್ಮ ಆಸೆಪಟ್ಟು ತಂದಿದ್ದ ಹಸಿರು ಬಳೆಗಳನ್ನು ತಾನೇ ತೊಟ್ಟುಕೊಳ್ಳಲಾರದೆ ಯಾರಿಗೋ ಕೊಟ್ಟಳು.

ಆಮೇಲೆ ಕೈಯ ವಿಷಯ. ಅವಳು ಮತ್ತೆ ತವರಿಗೆ ಹೊರಟ ದಿನವೇ ಶಂಕರನ ಮಣಿಕಟ್ಟಿಗೆ ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಬೇಕಾಯಿತು. ಈಳಿಗೆಮಣೆ ಎತ್ತಿ ಎಸೆದಳೆಂದು ಅವನು ತಲೆತಗ್ಗಿಸಿಕೊಂಡು ಹೇಳಿದ. ಕೇಳಿದರೆ, “ನಾನು ಬಾವಿ ತಾವ ಇದ್ದೆ,” ಎಂದಳು ಮಹಾರಾಯಿತಿ.

ಮೈಸೂರಿನಿಂದ ಚಾಮರಾಜನಗರ ಜಿಲ್ಲೆ ಬೇರೆಯಾದ ವರ್ಷವೇ ಗಂಡಹೆಂಡತಿ ಮೈಸೂರಿಗೆ ಹೋಗಿ ಮನಸ್ಸಿನ ಡಾಕ್ಟರನ್ನು ನೋಡಿಕೊಂಡು ಬಂದರು. ಕಾಯಿಲೆಗೆ ಇಂಗ್ಲಿಷಿನಲ್ಲಿ ಗೂಡ್ಸ್ ರೈಲಿನಷ್ಟು ಉದ್ದದ ಹೆಸರಂತೆ. ಬೇಕೆಂದು ಆಡುವ ಸುಳ್ಳಲ್ಲವಂತೆ, ಆಡುವ ಗಳಿಗೆಯಲ್ಲಿ ಆಡುವವರಿಗೇ ನಿಜವೆನಿಸುತ್ತದಂತೆ. ನಿಧಾನವಾಗಿ ವಾಸಿಯಾಗುತ್ತದೆ, ಜೊತೆಗಿರುವವರು ಕೈಬಿಡಬಾರದು ಎಂದರಂತೆ ಡಾಕ್ಟರು. ಶಂಕರ ಇದನ್ನೆಲ್ಲ ತಾಯಿಗೆ ಹೇಳಿ ಕಣ್ಣೀರು ಹಾಕಿದ.

ರಾಚಮ್ಮನಿಗೆ ಬೇಕಾಗಿದ್ದೂ ಅಷ್ಟೇ. “ಸುಳ್ಳೂ ಆಯ್ತು, ಕಾಯಿಲೆನೂ ಆಯ್ತು. ಕಾಯಿಲೆಯೋರು ಈ ಮನೇಲಿ ಇರ್ಕೂಡ್ದು,” ಎಂದಳು. ಚಾಮರಾಜನಗರದ ಕಡೆ, ಹರದನಹಳ್ಳಿಯಲ್ಲಿ, ಮಗನಿಗೆ ಇನ್ನೊಂದು ಹೆಣ್ಣನ್ನೂ ನೋಡಿಟ್ಟಿದ್ದಳು.

“ಕಳಿಸ್ಬೇಡ ಕಣವ್ವ,” ಎಂದು ಶಂಕರ ತಾಯಿಯ ಕಾಲು ಹಿಡಿದ. “ಅವಳಿಲ್ದೆ ನಾನು ಉಳಿಯಾಕಿಲ್ಲ.”

ಮನೆಗೆ ಹಿರಿಯನಾದ ದೊಡ್ಡಪ್ಪ ಗುರುಮಲ್ಲಯ್ಯನಿಗೆ ಹುಡುಗನ ಮೇಲೆ ಕನಿಕರ ಬಂತು. “ಒಂದು ಕೆಲ್ಸ ಮಾಡಮ್ಮಿ. ಇನ್ಮೇಲೆ ಸುಳ್ಳಾಡಾಕಿಲ್ಲ ಅಂತ ಮಾದಪ್ಪನ ಪಟದ ಮುಂದೆ ಕರ್ಪೂರ ಆರ್ಸು. ಟ್ರಂಕು ಒಳೀಕೆ ಹೋಯ್ತದೆ.”

“ಆಡ್ದೇ ಇರೋ ಸುಳ್ಳಿಗೆ ನಾನ್ಯಾಕೆ ಆಣೆ ಮಾಡ್ಲಿ?”

“ಎಷ್ಟು ಕೊಬ್ಬು ನೋಡಿ!” ಎಂದು ಕಿರುಚಿದಳು ರಾಚಮ್ಮ.

ಗುರುಮಲ್ಲಯ್ಯ ಕೈಯೆತ್ತಿ ಸುಮ್ಮನಾಗಿಸಿದ. ಆ ಮನೆತನದಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದವರ ಮಾತಿಗೆ ಎರಡಿಲ್ಲ. ಸುಳ್ಳಾಡಿ ಆರಿಸಿದರೆ ವಂಶ ಒಣಗುತ್ತದೆ ಎಂದು ಅಜ್ಜನ ಕಾಲದಿಂದ ನಂಬಿಕೆ. “ಹಂಗಾರೆ ಶಂಕರನೇ ಆರಿಸ್ಲಿ. ಅವಳು ಸುಳ್ಳಾಡಿದ್ದು, ಈಳಿಗೆಮಣೆ ಎಸ್ದಿದ್ದು ಎಲ್ಲಾ ನಿಜ ಅಂತ ಅವನು ಆಣೆ ಮಾಡ್ಲಿ. ಆಮೇಲೆ ಅವಳಿಗೆ ಬಾಯಿರಾಕಿಲ್ಲ.”

ತಟ್ಟೆ ಬಂತು. ಕರ್ಪೂರ ಹೊತ್ತಿತು. ಶಿವರಂಜಿನಿಯ ಮುಖ ಬಿಳಿಚಿಕೊಂಡಿತು.

“ಬ್ಯಾಡ ದೊಡ್ಡಪ್ಪ. ಈ ಆಟ ಬ್ಯಾಡ.”

“ಈಗ ಹೆದರ್ಕಂಡ್ಲು!” ರಾಚಮ್ಮ ಚಪ್ಪಾಳೆ ತಟ್ಟಿದಳು.

ಶಂಕರ ಕಣ್ಣೊರೆಸಿಕೊಂಡು ಎದ್ದ. ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಪಟಕ್ಕೆ ಕೈಮುಗಿದು ಅಂಗೈ ಚಾಚಿದ. ಶಿವರಂಜಿನಿ ಅವನನ್ನು ಪಕ್ಕಕ್ಕೆ ತಳ್ಳಿ ಉರಿಯುವ ಕರ್ಪೂರದ ಮೇಲೆ ತನ್ನ ಕೈಯನ್ನೇ ಬಡಿದಳು. ತಟ್ಟೆ ಉರುಳಿತು. ಸುಟ್ಟ ವಾಸನೆ ಜಗಲಿ ತುಂಬಿತು.

“ಸಿಕ್ಕಾಕ್ಕೊಂಡ್ಲು! ಗಂಡ ಆಣೆ ಮಾಡಿದ್ರೆ ಬಣ್ಣ ಬಯಲಾಯ್ತದಲ್ಲ!” ರಾಚಮ್ಮ ಕುಣಿದಳು.

ಗುರುಮಲ್ಲಯ್ಯ ಮಾತ್ರ ನಗಲಿಲ್ಲ. “ಸುಮ್ಕಿರು ರಾಚಮ್ಮ. ಆರ್ಸಿದೋಳು ಅವಳು. ಈಗ ಆಣೆ ಅವಳ್ದಾಯ್ತು. ಯೋಳಮ್ಮಿ, ಯಾಕೆ ಅಡ್ಡ ಬಂದೆ?”

“ಸುಳ್ಳಾಣೆ ಮಾಡಾಕೆ ಬುಡಾಕಿಲ್ಲ, ಅದ್ಕೇ.” ಅವಳು ಸುಟ್ಟ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಯಾರ್ಗೂ ಯೋಳ್ಬೇಡ ಅಂತ ಮೈಸೂರು ಬಸ್ಸಲ್ಲಿ ಇವ್ರು ಕೈ ಹಿಡ್ಕಂಡು ಅತ್ತಿದ್ರು. ಇಷ್ಟು ದಿನ ಊರೆಲ್ಲ ಉಗುದ್ರೂ ಯೋಳಿರ್ನಿಲ್ಲ. ಇವತ್ತು ನೀವೇ ಯೋಳಿಸ್ತಾ ಇದೀರ.”

ಶಂಕರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಹೋಗಿ ಅವನ ಪಕ್ಕ ನಿಂತು, ಸುಡದಿದ್ದ ಕೈಯನ್ನು ಅವನ ಹೆಗಲ ಮೇಲಿಟ್ಟಳು.

“ಡಾಕ್ಟ್ರು ಕಾಯಿಲೆ ಅಂದಿದ್ದು ನಂಗಲ್ಲ ಅತ್ತೆ, ನಾನು ತವರಿಗೆ ಹೊರಟಾಗೆಲ್ಲ ಬುಟ್ಟೋಯ್ತಳೆ ಅಂತ ಹೆದ್ರಿ ಸುಳ್ಳು ಕಟ್ಟೋ ನಿಮ್ಮ ಮಗನಿಗೆ, ಕಾಯಿಲೆಯೋರ್ನ ಕಳಿಸ್ಲೇಬೇಕು ಅಂದ್ರೆ ಕಳ್ಸಿ, ನಾನು ಕರ್ಕಂಡೋಯ್ತೀನಿ.”