ಐದು ಸೀಟಿನ ಕಾರು

ತಾತ ಕಾರಿನ ಚಾವಣಿ ಮೇಲೆ ಬೆರಳಿನಿಂದ ಐದು ಸಲ ಬಡಿದರು. ವಾಹನ ತಪಾಸಣೆ ಅಧಿಕಾರಿಯಾಗಿ ಮೂವತ್ತು ವರ್ಷ ಹೀಗೇ ತಲೆ ಎಣಿಸಿದವರು. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿರಲಿಲ್ಲ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಕಾರು ಓಡಿಸುವ ತಾವು. ಕಾರಿನ ಕಾಗದದಲ್ಲಿ ಬರೆದಿದ್ದೂ ಐದೇ ಸೀಟು. ತೊಡೆ ಮೇಲೆ ಕೂತ ಮಗುವೂ ಅವರ ಲೆಕ್ಕದಲ್ಲಿ ಒಂದು ತಲೆಯೇ.

"ನೀವು ಸಮುದ್ರ ನೋಡ್ಕೊಂಡು ಬನ್ನಿ. ಕಾರು ಹತ್ತಿದ್ರೆ ನಂಗೆ ವಾಂತಿ," ಎಂದು ಅಜ್ಜಿ ಪ್ರತಿಸಲದಂತೆ ಗೇಟು ಹಿಡಿದು ನಿಂತು ಹೇಳಿದರು.

ಹಿಂದಿನ ಸೀಟಿನಿಂದ ಮೊಮ್ಮಗಳು ಕತ್ತು ಹೊರಗೆ ಚಾಚಿದಳು. "ಸುಳ್ಳು, ತಾತ! ಬಸ್ಸಲ್ಲಿ ಅಜ್ಜಿ ಆರಾಮಾಗಿ ಕಡ್ಲೆಕಾಯಿ ತಿಂತಾ ಬರ್ತಾರೆ. ಕಾರಲ್ಲಿ ಸೀಟು ಸಾಲಲ್ಲ ಅಂತ ಹಂಗೆ ಹೇಳೋದಂತೆ."

"ಬಾಯ್ಮುಚ್ಚೇ, ಬಾಯಿಬಡುಕಿ," ಅಜ್ಜಿ ಗದರಿದರು.

ತಾತನ ಕಣ್ಣು ಅಜ್ಜಿಯ ಕಾಲಿನ ಮೇಲೆ ಬಿತ್ತು. ಗೇಟಿನ ತನಕ ಬರೋದಕ್ಕೆ ಅಜ್ಜಿ ಹೊಸ ಚಪ್ಪಲಿ ಹಾಕಿಕೊಂಡಿದ್ದರು. ಸಾವಿರಾರು ಗಾಡಿಗಳಲ್ಲಿ ಹೆಚ್ಚಿಗೆ ಇದ್ದ ತಲೆ ಹಿಡಿದ ತಾತ, ಮನೆಯಲ್ಲಿ ಬಿಟ್ಟುಹೋದ ತಲೆಯನ್ನು ಎಣಿಸಿಯೇ ಇರಲಿಲ್ಲ.

ಇಷ್ಟು ದಿನ ಯಾರಿಗೂ ಮುಟ್ಟಗೊಡದ ಕೀಲಿಯನ್ನು ಅವರು ಸೊಸೆಯ ಕೈಗಿಟ್ಟರು. "ನೀನು ಓಡಿಸಮ್ಮ. ನಾನು ಬಸ್ಸಲ್ಲಿ ಬರ್ತೀನಿ. ಅದ್ರಲ್ಲಿ ಐವತ್ತು ಸೀಟಿದೆ."

ಮಗ ಹಿಂದಕ್ಕೆ ಹೋಗಿ ಕೂತ. ತಾತ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ಬೆಲ್ಟು ಹಾಕ್ಬೇಕು ಕಣೇ. ಹಿಂಗೆ ಎಳೆದು..." ಎನ್ನುವಷ್ಟರಲ್ಲಿ ಬೆಲ್ಟು ಟಕ್ಕೆಂದು ಕೂತಿತ್ತು.

"ಗೊತ್ತು ಬಿಡ್ರಿ," ಅಂದರು ಅಜ್ಜಿ. "ದಿನಾ ಮಧ್ಯಾಹ್ನ ನೀವು ಮಲಗಿದ ಮೇಲೆ ಕೀಲಿ ತಗೊಂಡು ನಾನು ಇಲ್ಲೇ ಬಂದು ಕೂತಿರ್ತೀನಿ."