ಪ್ರದರ್ಶನಕ್ಕೊಂದು ವಸ್ತು

ಗೆಳತಿ ಗಾನವಿಯ ಅಜ್ಜಿ ತಂದಿಟ್ಟ ಕಾಫಿ ತಟ್ಟೆ ನೋಡಿ ಕವನಳ ಕೈಯಲ್ಲಿದ್ದ ಪೆನ್ಸಿಲ್ ನಿಂತುಬಿಟ್ಟಿತು. ಅಜ್ಜಿಗೂ ಮೊಮ್ಮಗಳಿಗೂ ಸ್ಟೀಲ್ ಲೋಟ, ತನಗೊಬ್ಬಳಿಗೆ ಪೇಪರ್ ಕಪ್ಪು. ಗೋಡೆಯ ಗೂಡಿನಲ್ಲಿ ತೊಳೆದಿಟ್ಟ ಲೋಟಗಳು ಸಾಲಾಗಿ ಹೊಳೆಯುತ್ತಿದ್ದವು. ಕವನ ಅವುಗಳ ಚಿತ್ರವನ್ನೇ ಬರೆಯುತ್ತಿದ್ದಳು.

ಡಿಸೈನ್ ಕಾಲೇಜಿನ ಪ್ರದರ್ಶನಕ್ಕೆ ಹಳೇ ಮನೆಯ ವಸ್ತುವೊಂದು ಬೇಕೆಂದು ಅವಳು ಹುಲ್ಲಹಳ್ಳಿಯ ಈ ಮನೆಗೆ ಬಂದಿದ್ದಳು. ಯಾರ ಮನೆಯದು, ಯಾರಿಗೆ ಬಳಸುತ್ತಾರೆ ಎಂದು ಪಕ್ಕದಲ್ಲೇ ಚೀಟಿ ಅಂಟಿಸಬೇಕು. ಅಜ್ಜಿ ಚನ್ನಬಸಮ್ಮ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಗಿಂಡಿ ತಂದು, "ನಮ್ಮನೆ ಹೆಸ್ರು ದಪ್ಪಕ್ಷರದಲ್ಲಿ ಬರಿ ಕಣವ್ವ" ಎಂದು ಹಿಗ್ಗಿದ್ದರು. ಆಮೇಲೆ, "ನಿಮ್ಮೂರಲ್ಲಿ ನಿಮ್ದು ಯಾವ ಬೀದಿ?" ಎಂದು ಕೇಳಿದ್ದರು.

"ಬುದ್ಧ ವಿಹಾರದ ಪಕ್ಕ, ಅಜ್ಜಿ."

ಅಜ್ಜಿ ಗಿಂಡಿಯನ್ನು ಅಲ್ಲೇ ಇಟ್ಟು, ಕಾಫಿ ಮಾಡಲು ಒಳಕ್ಕೆ ಎದ್ದು ಹೋಗಿದ್ದರು.

"ಲೋಟ ಸಾಲ್ದೆ ಬಂತು ಕಣೇ," ಗಾನವಿ ನೆಲ ನೋಡುತ್ತ ಗೊಣಗಿದಳು. ಕವನಳಿಗೆ ಮೈಯೆಲ್ಲ ಉರಿದುಹೋಯಿತು. ಕಣ್ಣೆದುರಿಗೇ ಲೋಟಗಳ ಸಾಲು ಇಟ್ಟುಕೊಂಡು ಹೇಳುವ ಸುಳ್ಳೇ ಇದು? ಅವಳು ದಡಕ್ಕನೆ ಎದ್ದು, ಬಾಗಿಲಾಚೆಯ ಮೋರಿಗೆ ಕಾಫಿ ಸುರಿದಳು. ಖಾಲಿ ಕಪ್ಪನ್ನು ದುಪಟ್ಟಾದಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡಳು.

"ಗಿಂಡಿ ಬುಟ್ಟೋಯ್ತಿದ್ದೀಯಲ್ಲವ್ವ," ಎಂದರು ಅಜ್ಜಿ.

"ಗಿಂಡಿ ಬ್ಯಾಡ ಅಜ್ಜಿ, ಈ ಕಪ್ಪನ್ನೇ ಇಡ್ತೀನಿ. ನಿಮ್ಮನೆ ಹೆಸ್ರು ಮಾತ್ರ ನೀವು ಹೇಳ್ದಂಗೇ ದಪ್ಪಕ್ಷರದಲ್ಲಿ ಬರೀತೀನಿ."