ಹೊನ್ನೆ ಮರದ ಕುರ್ಚಿ

ತೋಡೂರಿನ ಪುನರ್ವಸತಿ ಕಾಲನಿಯಲ್ಲಿ, ಆಲ್ವಿನ್ ಫರ್ನಾಂಡಿಸನ ಮನೆಯ ಜಗಲಿಯ ಮೇಲೆ, ಇಬ್ಬರು ಅಜ್ಜಿಯರು ಕಾಲು ಗಂಟೆಯಿಂದ ನಿಂತೇ ಇದ್ದರು. ಒಬ್ಬಳು ಆಲ್ವಿನನ ಅಜ್ಜಿ ಪಾಸ್ಕಿನ್ ಬಾಯಿ. ಇನ್ನೊಬ್ಬಳು ಅವನು ಮದುವೆಯಾಗಬೇಕೆಂದಿದ್ದ ಭವ್ಯಾಳ ಅಜ್ಜಿ, ಭಾವಿಕೇರಿಯ ಬೀರಿ ಗೌಡ. ಹುಡುಗ ಕ್ರಿಶ್ಚಿಯನ್ ಎಂಬ ಸಂಗತಿಯನ್ನು ಮೂರು ತಿಂಗಳು ಹಿಡಿದು ಅರಗಿಸಿಕೊಂಡು, ಬೀರಿ ಅಂದು ಒಪ್ಪಿಗೆ ಕೊಡಲೆಂದೇ ಮೊಮ್ಮಗಳೊಡನೆ ಬಂದಿದ್ದಳು. ನೆಂಟರಿಗೆಂದು ಆಲ್ವಿನ್ ಪಕ್ಕದ ಮನೆಯಿಂದ ಹೊತ್ತು ತಂದ ಬೆಂಚು ಇಬ್ಬರ ನಡುವೆ ಖಾಲಿ ಬಿದ್ದಿತ್ತು.

“ಕೂತ್ಕಳಿ ಬಾಯಿ,” ಎಂದಳು ಬೀರಿ.

“ನೀವು ಕೂತ್ಕಳಿ. ದೂರದಿಂದ ಬಂದವರು.”

“ಬಸ್ಸಲ್ಲಿ ಕೂತೇ ಬಂದದ್ದು. ಸಾಕಾಗಿದೆ.”

“ನಂಗೂ ನಿಂತೇ ರೂಢಿ. ಇಗರ್ಜಿಯಲ್ಲೂ ನಿಂತೇ ಇರ್ತೆ.” ಪಾಸ್ಕಿನ್ ಬಾಯಿ ದನಿ ತಗ್ಗಿಸಿದಳು. “ಅಲ್ಲಿಯ ಬೆಂಚು ಹೊನ್ನೆ ಮರದ್ದು. ನಮ್ಮ ಮನೆಯವರು ಹೊನ್ನೆ ಮೇಲೆ ಕೂರೂದಿಲ್ಲ. ನನ್ನತ್ತೆ ಕೂತದ್ದಿಲ್ಲ, ಅವಳತ್ತೆಯೂ ಕೂತದ್ದಿಲ್ಲ. ಭಾರೀ ಭಕ್ತಿ ಅಂತ ಪಾದ್ರಿಗಳು ಹೊಗಳ್ತ್ರು, ನಾವೂ ಸುಮ್ನಿರ್ತೇವೆ. ಈ ಬೆಂಚೂ ಅದೇ ಮರ. ನಮ್ಮ ಹುಡುಗಂಗೆ ಮರದ ಗುರ್ತವೇ ಇಲ್ಲ.”

ಬೀರಿ ಜಗಲಿಯ ಕಂಬ ಹಿಡಿದುಕೊಂಡಳು. ಅವಳು ನಿಂತದ್ದೂ ಅದೇ ಕಾರಣಕ್ಕೆ. ಅಲ್ಲಿಯ ಒಕ್ಕಲು ಮನೆತನಗಳಿಗೆ ಮರದ್ದೋ ಮೃಗದ್ದೋ ಹೆಸರು ಹೊತ್ತ ಒಂದೊಂದು ಬಳಿ, ಅಂದರೆ ಕುಲ, ಉಂಟು; ತಮ್ಮ ಬಳಿಯ ಮರವನ್ನು ಅವರು ಕಡಿಯರು, ಅದರ ಮೇಲೆ ಕೂರರು. ಒಂದೇ ಬಳಿಯವರು ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆಯಿಲ್ಲ. ಪೋರ್ತುಗೀಸರ ಕಾಲದಲ್ಲಿ ಅಂಜುದೀವ್ ದ್ವೀಪದ ಪಾದ್ರಿಯಿಂದ ತಲೆಗೆ ನೀರು ಹಾಕಿಸಿಕೊಂಡ ಆಲ್ವಿನನ ಮನೆತನದ ಹಿರಿಯನೊಬ್ಬ ಗೌಡ ಎಂಬುದನ್ನು ಕಳಚಿಟ್ಟು ಫರ್ನಾಂಡಿಸ್ ಎಂಬುದನ್ನು ತೊಟ್ಟುಕೊಂಡಿದ್ದ. ಹೊನ್ನೆಯನ್ನು ಮಾತ್ರ ಕಳಚಲು ಮರೆತಿದ್ದ.

“ಈ ಮದುವೆ ಆಗೂದಿಲ್ಲ,” ಎಂದಳು ಬೀರಿ.

“ಮೂರು ತಿಂಗಳು ಬೇರೆ ಬೇರೆ ಅಂತ ಬೇಡ ಅಂದೆ,” ಎಂದಳು ಭವ್ಯಾ. “ಈಗ ಒಂದೇ ಅಂತ ಬೇಡ ಅಂತ್ಯಾ?”

“ಅವ ನಿಂಗೆ ಅಣ್ಣ ಆಗ್ತ.”

“ಫರ್ನಾಂಡಿಸ್ ಅಣ್ಣ,” ಎಂದು ಆಲ್ವಿನ್ ತನ್ನಷ್ಟಕ್ಕೆ ಹೇಳಿಕೊಂಡ. ಭವ್ಯಾ ಅಳಲು ಹೊರಟವಳು ನಕ್ಕುಬಿಟ್ಟಳು. ಪಾಸ್ಕಿನ್ ಬಾಯಿ ಮಾತ್ರ ನಗದೆ, ಏನನ್ನೋ ನೆನಪಿಸಿಕೊಳ್ಳುವವಳಂತೆ ಕೇಳಿದಳು. “ಹುಡುಗಿಯ ಅಬ್ಬೆಯ ತವರು ಯಾವ ಬಳಿ?”

“ಕಡವೆ.”

“ಸೋದರಮಾವ ಇದ್ನಾ?”

ಬೀರಿ ಕಂಬ ಬಿಟ್ಟಳು. ಸೋದರಮಾವನ ತೊಡೆಯೇರಿದ ಹುಡುಗಿ ಅವನ ಮಗಳಾಗಿ ಅವನ ಬಳಿಗೆ ಸೇರುತ್ತಾಳೆ. ಮದುವೆಯಾದ ಗಳಿಗೆಯಿಂದ ಗಂಡನ ಬಳಿಗೆ. ಮರೆತೇಹೋಗಿದ್ದ ಈ ದಾರಿಯನ್ನು ಫರ್ನಾಂಡಿಸರ ಮುದುಕಿ ತೋರಿಸಿಕೊಟ್ಟಿದ್ದಳು.

ಸೋದರಮಾವ ಗಣೇಶ ಐವತ್ತು ಕಿಲೋ ಮೀರದ ಆಳು. ಭವ್ಯಾ ಕಾಲೇಜಿನ ಕಬಡ್ಡಿ ತಂಡದಲ್ಲಿ ಎದುರಾಳಿಗಳನ್ನು ಒಬ್ಬಳೇ ತಡೆದು ನಿಲ್ಲಿಸಿದವಳು. ಚಾಪೆಯ ಮೇಲೆ ಅವಳು ತೊಡೆಯೇರಿದಾಗ ಅವನು ಹಲ್ಲು ಕಚ್ಚಿ, “ಬೇಗ ಕಾಯಿ ಒಡೀರಿ, ಮಗಳು ಭಾರ ಅವ್ಳೆ,” ಎಂದ. ಕಾಯಿ ಒಡೆಯಿತು, ಭವ್ಯಾ ಕಡವೆಯವಳಾದಳು. ಗಣೇಶನನ್ನು ಎಬ್ಬಿಸಲು ಇಬ್ಬರು ಬೇಕಾದರೆಂದು ಭಾವಿಕೇರಿಯವರು ಹೇಳುತ್ತಾರೆ. ತೋಡೂರಿನವರ ಪ್ರಕಾರ ನಾಲ್ವರು.

ಮದುವೆಯ ದಿನ ಇಗರ್ಜಿಯಲ್ಲಿ ವಧೂವರರಿಗೆಂದು ಇಟ್ಟಿದ್ದ ಎರಡು ಕುರ್ಚಿಗಳೂ ಹೊನ್ನೆಯವೇ. ಪ್ರವಚನದುದ್ದಕ್ಕೂ ಆಲ್ವಿನ್ ನಿಂತಿದ್ದ. ಮುಂದಿನ ಸಾಲಿನಲ್ಲಿ ಇಬ್ಬರು ಅಜ್ಜಿಯರು ಸೆರಗು ಹೊದ್ದು ನಿಂತಿದ್ದರು. ಭಾವಿಕೇರಿಯ ಅಜ್ಜಿಯ ಭಕ್ತಿಗೆ ಮನಸೋತ ಪಾದ್ರಿ ಪ್ರವಚನವನ್ನು ಇನ್ನೂ ಹತ್ತು ನಿಮಿಷ ಬೆಳೆಸಿದರು. ಭವ್ಯಾ ಮಾತ್ರ ಕುರ್ಚಿಗೆ ಬೆನ್ನು ಆನಿಸಿ, ಹುಟ್ಟಿದಂದಿನಿಂದ ಕೂರದ ಮರದ ಮೇಲೆ ಹಾಯಾಗಿ ಕೂತು, ಆಲ್ವಿನನತ್ತ ಹುಬ್ಬು ಹಾರಿಸುತ್ತಿದ್ದಳು.

ಎದ್ದು ನಿಂತು ಉಂಗುರ ತೊಡಿಸಿಕೊಂಡದ್ದಾಯಿತು. ಎಲ್ಲರೂ ಕೂರಬಹುದೆಂದು ಪಾದ್ರಿ ಸನ್ನೆ ಮಾಡಿದರು. ಕುರ್ಚಿಯತ್ತ ಬಾಗಿದ ಭವ್ಯಾ ಅರ್ಧದಲ್ಲೇ ತಡೆದು, ಸೀರೆಯ ನೆರಿಗೆ ಸರಿಪಡಿಸಿಕೊಂಡು, ಗಂಡನ ಪಕ್ಕದಲ್ಲಿ ನೆಟ್ಟಗೆ ನಿಂತಳು.

“ಕೂತ್ಕೊ ಮಗಾ,” ಎಂದರು ಪಾದ್ರಿ.

“ಇನ್ನು ಆಗೂದಿಲ್ಲ, ಫಾದರ್. ನಾ ಮತ್ತೆ ಹೊನ್ನೆಯವಳಾದೆ.”